ರಾತ್ರಿ ಕಾವಲಿಗೆ ದೀಪ: ಯಾವುದು, ಎಲ್ಲಿ, ಎಷ್ಟು ಎತ್ತರಕ್ಕೆ?



ಶೇಂಗಾ ಕಾಯಿ ಕಟ್ಟುವ ಕಾಲ ಬಂತೆಂದರೆ ನಮ್ಮ ಬೊಮ್ಮನಹಾಳ್ ಸುತ್ತಿನ ಹೊಲಗಳಲ್ಲಿ ಇರುಳೆಲ್ಲ ಬ್ಯಾಟರಿ ಬೆಳಕು ಓಡಾಡುತ್ತಿರುತ್ತದೆ. ಹಂದಿಯ ಹಿಂಡು ಹೊಕ್ಕರೆ ಒಂದೇ ರಾತ್ರಿಯಲ್ಲಿ ಸಾಲಿಗೆ ಸಾಲೇ ಬುಡಮೇಲು. ರಾಯದುರ್ಗದ ಗುಡ್ಡಗಳ ಮಗ್ಗುಲಲ್ಲಿ ಚಿರತೆ, ಕರಡಿಗಳ ಭಯ. ಬಯಲಿನಲ್ಲಿ ಕುರಿ ರೊಪ್ಪಕ್ಕೆ ತೋಳದ ಕಾಟ. ಭಾನುವಾರ ಪೂಜೆ ಮುಗಿದ ಮೇಲೆ "ಫಾದರ್, ಎಂಥ ಲೈಟು ತಂದರೆ ಒಳ್ಳೇದು?" ಎಂದು ಕೇಳುವವರು ಹಲವರು. ಲೈಟು ಯಾವುದೆಂಬುದಕ್ಕಿಂತ ಅದನ್ನು ಎಲ್ಲಿ ಕಟ್ಟುತ್ತೇವೆ ಎಂಬುದೇ ಹೆಚ್ಚಿನ ಪ್ರಶ್ನೆಯೆಂದು ನಮ್ಮ ಅಭಿಪ್ರಾಯ. ಅದನ್ನೇ ಈ ಸಲದ ಅಂಕಣದಲ್ಲಿ ವಿವರಿಸುತ್ತೇವೆ.

ಮೊದಲು ಕಾನೂನಿನ ಮಾತು. ಬೆಂಗಳೂರಿನ ಕೆನೆತ್ ಆಂಡರ್ಸನ್ ಬಂದೂಕಿಗೆ ಬ್ಯಾಟರಿ ಬಿಗಿದುಕೊಂಡು ನರಭಕ್ಷಕ ಚಿರತೆಗಾಗಿ ರಾತ್ರಿಯಿಡೀ ಕಾದ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದಿದ್ದಾರೆ; ನಮ್ಮ ಯುವಕರು ಓದಿರಬಹುದು. ಆದರೆ ಆ ಕಾಲ ಮುಗಿದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗಲೇ ದೀಪ ಬಿಟ್ಟು ಬೇಟೆಯಾಡುವುದನ್ನು ಬಹುಮಟ್ಟಿಗೆ ನಿಷೇಧಿಸಲಾಯಿತು. 1991ರ ತಿದ್ದುಪಡಿಯಲ್ಲಿ ಬೇಟೆಯ ಲೈಸೆನ್ಸ್ ಪದ್ಧತಿಯನ್ನೇ ತೆಗೆದುಹಾಕಲಾಯಿತು. ಚಿರತೆ, ತೋಳ, ಕರಡಿ ಮೂರೂ ಮೊದಲನೆಯ ಅನುಸೂಚಿಯ ಪ್ರಾಣಿಗಳು. ಇವನ್ನು ಕೊಂದವರಿಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸ. 2022ರ ತಿದ್ದುಪಡಿಯ ನಂತರ ದಂಡವೂ 25,000 ರೂಪಾಯಿಗೆ ಕಡಿಮೆಯಿಲ್ಲ. ಉರುಲು ಹಾಕುವುದು, ವಿಷವಿಡುವುದು ಕೂಡ ಕಾನೂನಿನ ಕಣ್ಣಿನಲ್ಲಿ ಬೇಟೆಯೇ. ಮೇಲೆರಗಿದ ಪ್ರಾಣಿಯಿಂದ ತನ್ನ ಅಥವಾ ಪರರ ಜೀವ ಉಳಿಸಿಕೊಳ್ಳಲು ಸದ್ಭಾವನೆಯಿಂದ ಮಾಡಿದ್ದು ಮಾತ್ರ ಅಪರಾಧವಲ್ಲ. ಆದ್ದರಿಂದ ನಾವು ಹೇಳುವ ದೀಪ ಪ್ರಾಣಿಯನ್ನು ಕೊಲ್ಲಲು ಅಲ್ಲ, ಬಾರದಂತೆ ತಡೆಯಲು ಮತ್ತು ಬಂದದ್ದನ್ನು ಬೇಗ ತಿಳಿಯಲು.

ಬಂದದ್ದನ್ನು ತಿಳಿಯುವುದು ಹೇಗೆ? ಕುರಿ, ನಾಯಿ, ತೋಳ, ಚಿರತೆ ಇವುಗಳ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಒಂದು ಪದರವಿದೆ. ಅದರ ಮೇಲೆ ಬಿದ್ದ ಬೆಳಕು ಬಂದ ದಾರಿಯಲ್ಲೇ ಹಿಂತಿರುಗುತ್ತದೆ. ಹಾಗಾಗಿ ಬ್ಯಾಟರಿಯನ್ನು ಸೊಂಟದ ಮಟ್ಟದಲ್ಲಿ ಹಿಡಿದವನಿಗೆ ಹೊಳಪು ಸರಿಯಾಗಿ ಕಾಣದು. ಕಿವಿಯ ಪಕ್ಕ ಹಿಡಿದರೆ ಅಥವಾ ಹಣೆಗೆ ಕಟ್ಟುವ ಲೈಟು ಹಾಕಿಕೊಂಡರೆ ದೂರದ ಕಣ್ಣುಗಳೂ ಕೆಂಡದಂತೆ ಕಾಣುತ್ತವೆ. ಎತ್ತರದ ಕಂಬಕ್ಕೆ ಕಟ್ಟಿದ ದೊಡ್ಡ ಲೈಟಿನಿಂದ ಈ ಪ್ರಯೋಜನವಿಲ್ಲ, ಏಕೆಂದರೆ ಹೊಳಪು ಮರಳುವುದು ಕಂಬದ ಕಡೆಗೆ, ನಮ್ಮ ಕಡೆಗಲ್ಲ.

ಆದರೆ ಹಂದಿಯ ಕಣ್ಣಿನಲ್ಲಿ ಈ ಪದರವೇ ಇಲ್ಲ. "ಬ್ಯಾಟರಿ ಬಿಟ್ಟು ನೋಡಿದೆವು, ಒಂದು ಕಣ್ಣೂ ಹೊಳೆಯಲಿಲ್ಲ" ಎಂದು ಮಲಗಲು ಹೋದವನ ಹೊಲದಲ್ಲಿ ಬೆಳಿಗ್ಗೆ ಹಂದಿ ಅಗೆದ ಗುಂಡಿಗಳು ಕಂಡರೆ ಆಶ್ಚರ್ಯವಿಲ್ಲ. ಹಂದಿಯನ್ನು ಕಿವಿಯಿಂದಲೇ ಹಿಡಿಯಬೇಕು: ಬಳ್ಳಿ ಕೀಳುವ ಸದ್ದು, ಗುಟುರು. ಮನುಷ್ಯನ ಕಣ್ಣೂ ಹಾಗೆ ಹೊಳೆಯುವುದಿಲ್ಲ. ಪೊದೆಯ ಮರೆಯಲ್ಲಿ ಬಹಿರ್ದೆಸೆಗೆ ಕುಳಿತ ನೆರೆಯವನನ್ನು ಹಂದಿಯೆಂದು ತಿಳಿದು ಕಲ್ಲು, ಈಟಿ ಎಸೆಯುವ ಅಪಾಯ ಇರುವುದು ಇಲ್ಲಿಯೇ. ಮೊದಲು ಕೂಗಿ ಕೇಳಿರಿ.

ಇನ್ನು ಪ್ರಾಣಿ ಬಾರದಂತೆ ತಡೆಯುವ ದೀಪ. ಕೆನ್ಯಾ ದೇಶದಲ್ಲಿ ನೈರೋಬಿ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ರಿಚರ್ಡ್ ತುರೇರೆ ಎಂಬ ಮಾಸಾಯಿ ಬಾಲಕ ತಂದೆಯ ದನ ಕಾಯುತ್ತಿದ್ದ. ಸಿಂಹಗಳ ಹಾವಳಿ. ಬೆಂಕಿ ಹಾಕಿ ನೋಡಿದ, ಆಗಲಿಲ್ಲ. ಬೆದರುಬೊಂಬೆ ನಿಲ್ಲಿಸಿದ, ಅದು ಅಲುಗದೆ ನಿಂತಿರುವುದನ್ನು ಸಿಂಹಗಳು ಬೇಗನೆ ಅರಿತುಕೊಂಡವು. ಒಂದು ರಾತ್ರಿ ಕೈಯಲ್ಲಿ ಬ್ಯಾಟರಿ ಹಿಡಿದು ದೊಡ್ಡಿಯ ಸುತ್ತ ತಿರುಗಾಡಿದಾಗ ಸಿಂಹ ಬರಲಿಲ್ಲ. ಚಲಿಸುವ ಬೆಳಕೆಂದರೆ ಎಚ್ಚರವಿರುವ ಮನುಷ್ಯ ಎಂದು ಅದು ಭಾವಿಸುತ್ತದೆ! ಅವನು ಹಳೆಯ ಕಾರಿನ ಬ್ಯಾಟರಿ, ಸೌರ ಫಲಕ, ಮೋಟಾರ್ ಸೈಕಲ್ಲಿನ ಇಂಡಿಕೇಟರ್ ಪೆಟ್ಟಿಗೆ, ಮುರಿದ ಟಾರ್ಚುಗಳ ಬಲ್ಬು ಸೇರಿಸಿ, ದೊಡ್ಡಿಯ ಹೊರಮುಖವಾಗಿ ಒಂದಾದ ಮೇಲೊಂದು ಮಿನುಗುವ ದೀಪಗಳನ್ನು ಕಟ್ಟಿದ. ಆಗ ಅವನಿಗೆ ಸುಮಾರು 11 ವರ್ಷ. 2013ರಲ್ಲಿ ಅಮೆರಿಕದ ದೊಡ್ಡ ವೇದಿಕೆಯೊಂದರಲ್ಲಿ ಅವನೇ ಇದನ್ನು ವಿವರಿಸಿದ. ನಮ್ಮ ಊರಿನ ಮೆಕ್ಯಾನಿಕ್ ಅಂಗಡಿಯಲ್ಲಿ ಸಿಗದ ವಸ್ತು ಇದರಲ್ಲಿ ಯಾವುದಿದೆ?

ಆದರೂ ದೀಪವನ್ನೇ ನಂಬಿ ಮಲಗುವಂತಿಲ್ಲ. ದಕ್ಷಿಣ ಅಮೆರಿಕದ ಚಿಲಿ ದೇಶದ ಬೆಟ್ಟಸೀಮೆಯಲ್ಲಿ ಲಾಮಾ, ಅಲ್ಪಾಕಾ ಮಂದೆಗಳ ಸುತ್ತ ಬಣ್ಣ ಬದಲಿಸಿ ಮಿನುಗುವ ದೀಪಗಳನ್ನಿಟ್ಟು ಪರೀಕ್ಷಿಸಿ, ಫಲಿತಾಂಶವನ್ನು 2019ರಲ್ಲಿ ಪ್ರಕಟಿಸಿದರು. ಪ್ಯೂಮಾ ಎಂಬ ದೊಡ್ಡ ಬೆಕ್ಕಿನ ಜಾತಿಯ ಪ್ರಾಣಿ ದೀಪವಿದ್ದಾಗ ಹತ್ತಿರ ಸುಳಿಯಲಿಲ್ಲ. ಅಲ್ಲಿನ ನರಿಗಳು ಮಾತ್ರ ದೀಪವನ್ನು ಲೆಕ್ಕಿಸಲಿಲ್ಲ. ಅಂದರೆ ಒಂದು ಪ್ರಾಣಿಗೆ ಹಿಡಿದದ್ದು ಇನ್ನೊಂದಕ್ಕೆ ಹಿಡಿಯದು. ಹಂದಿಯಂತೂ ಬಹು ಜಾಣ. ಒಂದೇ ಜಾಗದಲ್ಲಿ ಒಂದೇ ತಾಳದಲ್ಲಿ ಮಿನುಗುವ ದೀಪ ಅದಕ್ಕೆ ಬೇಗ ರೂಢಿಯಾಗುತ್ತದೆ. ಆದ್ದರಿಂದ ಮೂರು ನಾಲ್ಕು ದಿನಕ್ಕೊಮ್ಮೆ ಜಾಗ ಬದಲಿಸಿರಿ, ಕಾಯಿ ಬಲಿಯುವ ವಾರಗಳಲ್ಲಿ ಮಾತ್ರ ಹಚ್ಚಿರಿ. ವರ್ಷವಿಡೀ ಉರಿದರೆ ಅದು ಹಂದಿಗೆ ಬೀದಿ ದೀಪವಾದೀತು.

ರೊಪ್ಪಕ್ಕೆ ನಮ್ಮ ಸಲಹೆ ಹೀಗೆ. ನಡುವೆ ಒಂದು ಭಾರಿ ಲೈಟಿಗಿಂತ ನಾಲ್ಕು ಮೂಲೆಗೆ ನಾಲ್ಕು ಸಣ್ಣ ದೀಪ ಲೇಸು. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೇಲಾಗಿ ಒಂದೇ ದೀಪವಿದ್ದರೆ ಗೋಡೆಯ ಹಿಂದೆ ಕಪ್ಪು ನೆರಳು, ಚಿರತೆ ಬರುವುದು ಆ ನೆರಳಿನಿಂದಲೇ. ಮಿನುಗುವ ದೀಪಗಳನ್ನು ಎರಡೂವರೆ ಮೂರು ಅಡಿ ಎತ್ತರದಲ್ಲಿ, ಪ್ರಾಣಿಯ ಕಣ್ಣಿನ ಮಟ್ಟಕ್ಕೆ, ಹೊರಮುಖವಾಗಿ ಕಟ್ಟಿರಿ. ನಿಮಗೆ ಕೆಲಸ ಮಾಡಲು ಬೇಕಾದ ಸ್ಥಿರ ದೀಪವನ್ನು ಹತ್ತು ಹನ್ನೆರಡು ಅಡಿ ಮೇಲೆ, ನೆಲ ನೋಡುವಂತೆ ಕಟ್ಟಿರಿ. ಅದು ಕಾವಲುಗಾರನ ಕಣ್ಣಿಗೆ ನೇರವಾಗಿ ಹೊಡೆಯಬಾರದು. ಕತ್ತಲೆಗೆ ನಮ್ಮ ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು, ಬಿಳಿ ಬೆಳಕು ಬಿದ್ದರೆ ಕ್ಷಣದಲ್ಲಿ ಅದು ಹಾಳು. ಅಟ್ಟಣೆಯ ಮೇಲೆ ಕೂರುವವರು ಬ್ಯಾಟರಿಯ ಗಾಜಿಗೆ ಕೆಂಪು ಹಾಳೆ ಕಟ್ಟಿಕೊಳ್ಳಬಹುದು. ಕೆಂಪು ಬಣ್ಣ ಈ ಪ್ರಾಣಿಗಳಿಗೆ ಮಂಕಾಗಿ ಕಾಣುತ್ತದೆ, ನಮ್ಮ ಇರುಳುಗಣ್ಣೂ ಉಳಿಯುತ್ತದೆ. ಹೆದರಿಸಲು ಮಾತ್ರ ಬಿಳಿಯೇ ಬೇಕು. ದೀಪದ ಜೊತೆಗೆ ಜಾಲಿಮುಳ್ಳಿನ ದಟ್ಟ ಬೇಲಿ, ಮರಿಗಳ ಗೂಡಿಗೆ ಮೇಲೂ ತಂತಿ ಬಲೆ, ಒಂದು ಒಳ್ಳೆಯ ನಾಯಿ ಇರಲಿ. ಬೆತ್ಲೆಹೇಮಿನ ಕುರುಬರೂ ಇರುಳಿನಲ್ಲಿ ಎದ್ದು ಕುಳಿತೇ ಮಂದೆ ಕಾದರೆಂದು ಸಂತ ಲೂಕರು ಬರೆದಿದ್ದಾರಲ್ಲವೇ.

ವಿದ್ಯುತ್ತಿನ ಲೆಕ್ಕ ಸುಲಭ. 3 ವ್ಯಾಟಿನ ಎಲ್‌ಇಡಿ ದೀಪ 12 ಗಂಟೆ ಉರಿದರೆ 36 ವ್ಯಾಟ್ ಗಂಟೆ. 12 ವೋಲ್ಟ್, 7 ಆಂಪಿಯರ್ ಗಂಟೆಯ ಬ್ಯಾಟರಿಯಲ್ಲಿ 84 ಇರುತ್ತದೆ. ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡದಿದ್ದರೆ ಅದು ಹೆಚ್ಚು ದಿನ ಬಾಳುತ್ತದೆ. ಫಲಕ 10 ವ್ಯಾಟಿನದಾದರೆ ಒಳ್ಳೆಯ ಬಿಸಿಲಿಗೆ ಹೇಗೋ ಸರಿಹೋಗುತ್ತದೆ, ಮೋಡದ ದಿನಗಳಿಗಾಗಿ 20 ವ್ಯಾಟಿನದನ್ನೇ ಕೊಳ್ಳಿರಿ. ಮಿನುಗುವ ದೀಪಕ್ಕೆ ಇದಕ್ಕಿಂತ ಬಹಳ ಕಡಿಮೆ ಸಾಕು.

ಇಷ್ಟು ಅಗ್ಗದ ದಾರಿಯಿರುವಾಗ ಕೆಲವರು ಮೋಟಾರಿನ ಲೈನಿನಿಂದ ನೇರವಾಗಿ ಹೊಲದ ಸುತ್ತ ತಂತಿಗೆ ಕರೆಂಟು ಕೊಡುತ್ತಾರೆ. ಇದನ್ನು ನಾವು ಕಟುವಾಗಿಯೇ ಹೇಳಬೇಕಾಗಿದೆ: ಅದು ಕೊಲೆಯ ಬಲೆ. ನಸುಕಿನಲ್ಲಿ ನೀರು ಕಟ್ಟಲು ಹೋಗುವ ಮಗನಿಗೂ ಹಂದಿಗೂ ಆ ತಂತಿ ಭೇದವೆಣಿಸದು. ಇಂಥ ತಂತಿ ತುಳಿದು ಸತ್ತ ರೈತರ ಸುದ್ದಿ ನಮ್ಮ ಸೀಮೆಯ ಪತ್ರಿಕೆಗಳಿಗೆ ಹೊಸದಲ್ಲ, ಹಾಕಿದವನಿಗೆ ಜೈಲೂ ತಪ್ಪದು. ಸೌರ ಬೇಲಿಯ ಯಂತ್ರ ಬೇರೆ. ಅದು ಸೆಕೆಂಡಿಗೊಮ್ಮೆಯಷ್ಟೇ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು ಹೊಡೆತ ಕೊಟ್ಟು ಬಿಡುತ್ತದೆ. ಅಂಥ ಯಂತ್ರವಿಲ್ಲದೆ ತಂತಿಗೆ ಕರೆಂಟು ಮುಟ್ಟಿಸಬೇಡಿರಿ.

ಆರೋಗ್ಯದ ಒಂದು ಮಾತು. ಕಾವಲಿಗೆ ಹೋಗುವವರು ಬೆಳಕನ್ನು ಮೊದಲು ತಮ್ಮ ಕಾಲಿನ ಮುಂದೆ ಬಿಡಬೇಕು, ಆಮೇಲೆ ಹೊಲದ ಕಡೆಗೆ. ಕೊಳಕುಮಂಡಲ ಸರಿದು ಹೋಗದೆ ಬಿದ್ದಲ್ಲೇ ಬಿದ್ದಿರುವ ಹಾವು. ಪಾದ ಮುಚ್ಚುವ ಬೂಟು ಹಾಕಿರಿ. ಹೊಲದಲ್ಲಿ ನೆಲದ ಮೇಲೆ ಮಲಗಬೇಡಿರಿ. ಮಂಚ, ಸೊಳ್ಳೆಪರದೆ ಇದ್ದರೆ ರಾತ್ರಿ ತಿರುಗುವ ಕಟ್ಟುಹಾವಿನಿಂದಲೂ ರಕ್ಷಣೆ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಬೇಡ. ಅಂಗವನ್ನು ಅಲುಗಾಡಿಸದೆ 108ಕ್ಕೆ ಕರೆ ಮಾಡಿ, ವಿಷಕ್ಕೆ ಪ್ರತಿಮದ್ದು ಇರುವ ಸರ್ಕಾರಿ ಆಸ್ಪತ್ರೆಗೆ ಸಾಗಿಸಿರಿ.

ಇಷ್ಟೆಲ್ಲ ಮಾಡಿಯೂ ಕುರಿ ಹೋದರೆ ಸತ್ತ ಕುರಿಯನ್ನು ಅಲ್ಲಿಂದ ತೆಗೆಯಬೇಡಿರಿ. ಫೋಟೋ ತೆಗೆದುಕೊಂಡು, ಅರಣ್ಯ ಇಲಾಖೆಯವರಿಗೂ ಪಶುವೈದ್ಯರಿಗೂ ಕೂಡಲೇ ತಿಳಿಸಿ, ಸ್ಥಳದಲ್ಲೇ ಪಂಚನಾಮೆ ಬರೆಸಿರಿ. ಪರಿಹಾರದ ಅರ್ಜಿಗೆ ಇದೇ ಆಧಾರ. ಅರ್ಜಿ ಬರೆಯಲು ಬಾರದವರು ಭಾನುವಾರ ಪೂಜೆಯ ನಂತರ ನಮ್ಮ ಬಳಿಗೆ ಬರಬಹುದು. ಆಧಾರ್ ಕಾರ್ಡು ಮತ್ತು ಬ್ಯಾಂಕಿನ ಪಾಸ್‌ಬುಕ್ ತರಲಿ.