ಕಂಪ್ಯೂಟರಿನ ಹಾಜರಿ ಪುಸ್ತಕ

ಮನೆಗೆ ಕಂಪ್ಯೂಟರ್ ಬಂದ ಮೇಲೆ ಪೋಷಕರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಸಾರ್, ನಾವು ಹೊಲಕ್ಕೆ ಹೋದಾಗ ಅದನ್ನು ಯಾರು ತೆಗೆದರು ಅಂತ ಗೊತ್ತಾಗುತ್ತದಾ?’

ಮಟ್ಟಿಗೆ ಗೊತ್ತಾಗುತ್ತದೆ. ವಿಂಡೋಸ್ ಇರುವ ಪ್ರತಿ ಯಂತ್ರದಲ್ಲೂ ನಮ್ಮ ಶಾಲೆಯ ಹಾಜರಿ ಪುಸ್ತಕದಂಥ ದಾಖಲೆಯೊಂದು ತಾನಾಗಿಯೇ ಬೆಳೆಯುತ್ತಿರುತ್ತದೆ. ಅದೇ ಈವೆಂಟ್ ಲಾಗ್. (ಹಿಂದೆ ಹಡಗಿನವರು ಹಗ್ಗ ಕಟ್ಟಿದ ಮರದ ತುಂಡನ್ನು ನೀರಿಗೆಸೆದು ವೇಗ ಅಳೆದು ಬರೆದಿಡುತ್ತಿದ್ದರು. ಆ ಮರದ ತುಂಡೇ ‘ಲಾಗ್’.)

ಸ್ಟಾರ್ಟ್ ಮೆನುವಿನಲ್ಲಿ ‘ಈವೆಂಟ್ ವ್ಯೂವರ್’ ಹುಡುಕಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ‘ವಿಂಡೋಸ್ ಲಾಗ್ಸ್’ ಕೆಳಗೆ ‘ಸೆಕ್ಯುರಿಟಿ’ ಇದೆ. ಸಾವಿರಾರು ಸಾಲುಗಳನ್ನು ಕಂಡು ಗಾಬರಿ ಬೇಡ. ಬಹುಪಾಲು ಯಂತ್ರದ ಸ್ವಂತ ಕೆಲಸದವು. ಇಂಗ್ಲಿಷ್ ಬಾರದವರಿಗೂ ಇಲ್ಲೊಂದು ಅನುಕೂಲ: ಪ್ರತಿ ಘಟನೆಗೂ ಅಂಕಿಯಿದೆ, ಪರದೆಯ ಭಾಷೆ ಯಾವುದಾದರೂ ಅಂಕಿ ಅದೇ. 4624 ಎಂದರೆ ಯಾರೋ ಒಳಬಂದರು. ಅದನ್ನು ತೆರೆದು ‘ಲಾಗಾನ್ ಟೈಪ್’ ನೋಡಿ. 2 ಇದ್ದರೆ ಕೀಲಿಮಣೆಯ ಮುಂದೆ ಕುಳಿತು ಬಂದದ್ದು, 7 ಇದ್ದರೆ ಬೀಗ ಹಾಕಿದ ಪರದೆಯನ್ನು ತೆರೆದದ್ದು, 10 ಇದ್ದರೆ ದೂರದಿಂದ ಬಂದದ್ದು. 5 ಯಂತ್ರದ್ದೇ, ಬಿಟ್ಟುಬಿಡಿ. ಹತ್ತಿನ ಮೇಲೆ ಕಣ್ಣಿರಲಿ: ವಿದ್ಯಾರ್ಥಿವೇತನದ ಅರ್ಜಿ, ಆಧಾರ್, ಬ್ಯಾಂಕ್ ಪಾಸ್‌ಬುಕ್‌ನ ಪ್ರತಿ ಎಲ್ಲವೂ ಈಗ ಆ ಪೆಟ್ಟಿಗೆಯಲ್ಲೇ ಇರುತ್ತವೆ. 4720 ಹೊಸ ಖಾತೆ ತೆರೆದದ್ದನ್ನು ಹೇಳುತ್ತದೆ. ನೀವು ತೆರೆಯದ ಖಾತೆ ಕಂಡರೆ ಅದೇ ದಿನ ಬಲ್ಲವರಿಗೆ ತೋರಿಸಿ. ದಾಖಲೆಯನ್ನೇ ಅಳಿಸಿದರೆ? ಅಳಿಸಿದ್ದೂ 1102 ಎಂದು ದಾಖಲಾಗುತ್ತದೆ!

ತಪ್ಪು ಪಾಸ್‌ವರ್ಡ್ ಹೊಡೆದದ್ದು 4625. ಮನೆಯ ಯಂತ್ರದಲ್ಲಿ ಇದರ ದಾಖಲಾತಿ ಚಾಲೂ ಇಲ್ಲದಿರಬಹುದು. ವಿಂಡೋಸ್ ಪ್ರೊ ಇದ್ದರೆ ‘ಲೋಕಲ್ ಸೆಕ್ಯುರಿಟಿ ಪಾಲಿಸಿ’ಯ ಆಡಿಟ್ ಭಾಗದಲ್ಲಿ ‘ಫೇಲ್ಯೂರ್’ಗೆ ಗುರುತು ಹಾಕಬೇಕು. ಹೋಮ್ ಆವೃತ್ತಿಯಲ್ಲಿ ಆ ಪುಟವಿಲ್ಲ, ‘ಆಡಿಟ್‌ಪಾಲ್’ ಎಂಬ ಆದೇಶ ಕೊಡಬೇಕು. ಶಾಲೆಯ ಕಂಪ್ಯೂಟರ್ ಮೇಷ್ಟ್ರನ್ನು ಕೇಳಿ.

ಆದರೆ ಒಂದು ಮಾತು. ಈ ಪುಸ್ತಕ ಬರೆಯುವುದು ಖಾತೆಯ ಹೆಸರನ್ನು, ಮನುಷ್ಯನ ಹೆಸರನ್ನಲ್ಲ. ಅಣ್ಣ, ತಂಗಿ, ಪಕ್ಕದ ಮನೆಯ ಹುಡುಗ ಎಲ್ಲರೂ ಒಂದೇ ಪಾಸ್‌ವರ್ಡ್ ಬಳಸುವ ಮನೆಯಲ್ಲಿ ಇದನ್ನು ನಂಬಿ ಮಗುವಿಗೆ ಹೊಡೆದರೆ ಅನ್ಯಾಯವಾದೀತು. ಯಾವ ವೆಬ್‌ಸೈಟ್ ನೋಡಿದರು ಎಂಬುದನ್ನೂ ಇದು ಹೇಳುವುದಿಲ್ಲ. ಮೊದಲು ಒಬ್ಬೊಬ್ಬರಿಗೆ ಒಂದೊಂದು ಖಾತೆ ಮಾಡಿ. ಮಕ್ಕಳದು ‘ಸ್ಟ್ಯಾಂಡರ್ಡ್’ ಖಾತೆಯಾಗಿರಲಿ, ಆಗ ಸೆಕ್ಯುರಿಟಿ ದಾಖಲೆ ಅವರ ಕೈಗೆ ಸಿಗದು. ದಾಖಲೆ ನೋಡುತ್ತೇವೆಂದು ಅವರಿಗೆ ಮೊದಲೇ ಹೇಳಿಬಿಡಿ. ಕದ್ದು ನೋಡುವುದು ನನಗಂತೂ ಸರಿಕಾಣದು.

ಸೆಕ್ಯುರಿಟಿ ದಾಖಲೆಗೆ ಸಾಮಾನ್ಯವಾಗಿ ಇರುವ ಜಾಗ 20 ಎಂಬಿ. ತುಂಬಿದರೆ ಹಳೆಯದರ ಮೇಲೆ ಹೊಸದು ಬರುತ್ತದೆ. ಅನುಮಾನವಿದ್ದರೆ ಕಾಯಬೇಡಿ, ‘ಸೇವ್ ಆಲ್ ಈವೆಂಟ್ಸ್’ ಒತ್ತಿ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಗಡಿಯಾರವನ್ನೂ ನೋಡಿ: ಹಳೆಯ ಯಂತ್ರದ ಒಳಗಿನ ಚಿಕ್ಕ ಬ್ಯಾಟರಿ ಸತ್ತಿದ್ದರೆ ತಾರೀಖುಗಳೆಲ್ಲ ತಪ್ಪಾಗುತ್ತವೆ. ‘ಸಿಸ್ಟಮ್’ ಎಂಬ ಇನ್ನೊಂದು ದಾಖಲೆಯಲ್ಲಿ 6008 ಮೇಲಿಂದ ಮೇಲೆ ಕಂಡರೆ ಕಳ್ಳನನ್ನು ಹುಡುಕಬೇಡಿ. ಅದು ಯಂತ್ರ ಹಠಾತ್ತಾಗಿ ನಿಂತದ್ದರ ಗುರುತು. ನಮ್ಮ ಊರುಗಳಲ್ಲಿ ಬಹುಮಟ್ಟಿಗೆ ಕರೆಂಟ್ ಹೋದದ್ದು.