ಔಷಧವು ಕರಗಬೇಕಾದ ಸ್ಥಾನ

ಔಷಧದ ಪ್ರಮಾಣದೊಡನೆ ಅನುಪಾನವನ್ನೂ ನಿರ್ದೇಶಿಸುವುದು ಆಯುರ್ವೇದದ ಕ್ರಮ. ಒಂದೇ ಚೂರ್ಣವನ್ನು ತುಪ್ಪದಲ್ಲಿ ಕೊಡುವುದಕ್ಕೂ ಬಿಸಿನೀರಿನಲ್ಲಿ ಕೊಡುವುದಕ್ಕೂ ಫಲದಲ್ಲಿ ಭೇದವಿದೆ. ಔಷಧವನ್ನು ಹೊತ್ತೊಯ್ಯುವ ದ್ರವ್ಯವೂ ಚಿಕಿತ್ಸೆಯ ಅಂಗವೆಂಬ ಈ ತಿಳಿವು ಆಧುನಿಕ ಔಷಧಶಾಸ್ತ್ರದಲ್ಲಿಯೂ ಬೇರೊಂದು ರೂಪದಿಂದ ಬೆಳೆದಿದೆ. ಗಜಕರ್ಣಕ್ಕೆ ಔಷಧ ನುಂಗುವ ಶರಣಬಂಧುಗಳು ಅದನ್ನು ಅವಶ್ಯವಾಗಿ ಅರಿತಿರಬೇಕು.

ಗಜಕರ್ಣ, ಹುಳುಕಡ್ಡಿ ಎಂದು ಜನರು ಕರೆಯುವ, ನಮ್ಮ ಗ್ರಂಥಗಳಲ್ಲಿ ದದ್ರು ಎನಿಸಿದ ಚರ್ಮರೋಗಕ್ಕೆ ಶಿಲೀಂಧ್ರವು ಕಾರಣ. ಅದು ಮೈಯಲ್ಲಿ ಬಹಳವಾಗಿ ಹರಡಿದಾಗ ಅಲೋಪಥಿ ವೈದ್ಯರು ಇಟ್ರಾಕೊನಜೋಲ್ ಎಂಬ ಔಷಧವನ್ನು ಬರೆದುಕೊಡುವುದುಂಟು. ಈ ಔಷಧ ನೀರಿನಲ್ಲಿ ಬಹುತೇಕ ಕರಗದು. ಜಠರದ ತೀವ್ರ ಆಮ್ಲದಲ್ಲಿ ಮಾತ್ರ ಅಲ್ಪಸ್ವಲ್ಪ ಕರಗುತ್ತದೆ. ಆದುದರಿಂದಲೇ ಇದರ ಸಾಮಾನ್ಯ ಕ್ಯಾಪ್ಸೂಲನ್ನು ಊಟವಾದ ಕೂಡಲೇ ಸೇವಿಸಬೇಕೆಂಬ ನಿಯಮ. ಪ್ಯಾಂಟೊಪ್ರಜೋಲ್‌ನಂತಹ ಆಮ್ಲ ತಗ್ಗಿಸುವ ಮಾತ್ರೆ ಜೊತೆಗಿದ್ದರೆ ಔಷಧವು ಸಾಕಷ್ಟು ರಕ್ತವನ್ನು ಸೇರುವುದಿಲ್ಲ.

ಈ ತೊಡಕನ್ನು ನೀಗಲು 'ಸುಬಾ' ಎಂಬ ಹೊಸ ಬಗೆಯ ಇಟ್ರಾಕೊನಜೋಲ್ ಬಂದಿದೆ. ಇದರಲ್ಲಿ ಔಷಧದ ಅಣುಗಳನ್ನು ಹೈಪ್ರೊಮೆಲೋಸ್ ಥ್ಯಾಲೇಟ್ ಎಂಬ ಪಾಲಿಮರಿನ ಕಣಗಳೊಳಗೆ ಹರಳುಗಟ್ಟದಂತೆ ಹರಡಿರುತ್ತಾರೆ. ಬರಿಹೊಟ್ಟೆಯಲ್ಲಿ ಜಠರದ ಪಿಎಚ್ ಸಾಮಾನ್ಯವಾಗಿ 1ರಿಂದ 3. ಸಣ್ಣ ಕರುಳಿನ ಆರಂಭದಲ್ಲಿ ಸುಮಾರು 6. ಆಮ್ಲದಲ್ಲಿ ಈ ಪಾಲಿಮರು ಕರಗದೆ ಔಷಧವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಮ್ಲತೆ ತಗ್ಗಿದ ಕರುಳನ್ನು ಮುಟ್ಟಿದೊಡನೆ ತಾನು ಕರಗಿ, ಹೀರಿಕೊಳ್ಳುವ ಸ್ಥಾನದಲ್ಲಿಯೇ ಔಷಧವನ್ನು ಬಿಟ್ಟುಕೊಡುತ್ತದೆ.

ಹೀರಿಕೆ ಹೆಚ್ಚಿದುದರಿಂದ ಪ್ರಮಾಣ ಕಡಿಮೆ ಸಾಕು. ಅಮೆರಿಕದ ಔಷಧ ನಿಯಂತ್ರಕರು 2018ರಲ್ಲಿ, ಒಳ ಅಂಗಗಳ ಕೆಲವು ಶಿಲೀಂಧ್ರ ರೋಗಗಳಿಗಾಗಿ, ಈ ಬಗೆಯ 65 ಮಿಲಿಗ್ರಾಂ ಕ್ಯಾಪ್ಸೂಲಿಗೆ ಅನುಮತಿಯಿತ್ತರು. ಅದು ಸ್ಥೂಲವಾಗಿ ಹಳೆಯ 100 ಮಿಲಿಗ್ರಾಮಿಗೆ ಸಮ. ಅಪಾಯವೂ ಇಲ್ಲಿಯೇ ಇದೆ. ಚೀಟಿಯಿಲ್ಲದೆ ಅಂಗಡಿಯಲ್ಲಿ ಕೇಳಿ ಪಡೆದವರು, ಅಂಕಿ ಚಿಕ್ಕದೆಂದು ಸುಬಾ ಕ್ಯಾಪ್ಸೂಲನ್ನು ಇಮ್ಮಡಿಯಾಗಿ ನುಂಗಿದರೆ ಔಷಧವು ಅತಿಯಾಗುತ್ತದೆ. ಸುಬಾ ನಿಲ್ಲಿಸಿ ಅದೇ ಅಂಕಿಯ ಲೆಕ್ಕದಲ್ಲಿ ಸಾಮಾನ್ಯ ಕ್ಯಾಪ್ಸೂಲಿಗೆ ಬಂದರೆ ಕಡಿಮೆಯಾಗಿ ರೋಗ ಉಳಿಯುತ್ತದೆ. ಇಟ್ರಾಕೊನಜೋಲ್ ಯಕೃತ್ತಿಗೆ ಹಾನಿ ಮಾಡಬಲ್ಲದು. ಹೃದಯ ದುರ್ಬಲವಾಗಿರುವವರಿಗೆ ಕಂಟಕವಾಗಬಲ್ಲದು. ಸಿಮ್ವಸ್ಟ್ಯಾಟಿನ್‌ನಂತಹ ಕೊಲೆಸ್ಟ್ರಾಲ್ ಮಾತ್ರೆಗಳೊಡನೆ ಸಲ್ಲದು.

ಆದುದರಿಂದ ನಾವು ಹೇಳುವುದಿಷ್ಟು. ಔಷಧ ಕೊಳ್ಳುವಾಗ ಹೆಸರಿನೊಡನೆ 'ಸುಬಾ' ಎಂಬ ಅಕ್ಷರಗಳಿವೆಯೇ ಎಂದು ನೋಡಿರಿ. ಅಂಗಡಿಯವರು ಒಂದರ ಬದಲು ಇನ್ನೊಂದನ್ನು ಕೊಟ್ಟರೆ ವೈದ್ಯರನ್ನು ಕೇಳದೆ ಸೇವಿಸದಿರಿ. ಚೂರ್ಣದಂತೆ ಜೇನಿನಲ್ಲಿ ಕಲಸಿಕೊಳ್ಳಲೆಂದು ಕ್ಯಾಪ್ಸೂಲನ್ನು ಬಿಚ್ಚದೆ ಇಡಿಯಾಗಿ ನುಂಗಿರಿ. ಹೊಟ್ಟೆಯುರಿ, ಹೃದಯ, ಯಕೃತ್ತು, ಕೊಲೆಸ್ಟ್ರಾಲ್‌ಗಳಿಗೆ ಚಿಕಿತ್ಸೆಯಿದ್ದರೆ ಮೊದಲೇ ತಿಳಿಸಿರಿ. ನಮ್ಮಂತಹ ಆಯುರ್ವೇದ ವೈದ್ಯರ ಬಳಿ ಬರುವಾಗಲೂ ನುಂಗುತ್ತಿರುವ ಔಷಧಗಳೆಲ್ಲವನ್ನೂ ತಂದು ತೋರಿಸಿರಿ. ತುರಿಕೆ ತಗ್ಗಿತೆಂದು ನಡುವೆ ನಿಲ್ಲಿಸದೆ, ವೈದ್ಯರು ಹೇಳಿದಷ್ಟು ದಿನ ಪೂರೈಸಿರಿ.