ಪಿಕಪ್ ಗಾಡಿಗೆ ಪಕ್ಕದ ಮೆಟ್ಟಿಲು: ರೈತರು ವಿಚಾರಿಸತಕ್ಕ ವಿಷಯಗಳು

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಸೀಮೆಗಳಲ್ಲಿ ಹಿಂದೆ ಎತ್ತಿನ ಬಂಡಿಗಳು ಮಾಡುತ್ತಿದ್ದ ಕೆಲಸದ ಬಹುಭಾಗವನ್ನು ಈಗ ಪಿಕಪ್ ಗಾಡಿಗಳು ವಹಿಸಿಕೊಂಡಿರುವುವು. ಹೊಲಕ್ಕೆ ಗೊಬ್ಬರವನ್ನೂ, ಗಿರಣಿಗೆ ಭತ್ತವನ್ನೂ, ಪೇಟೆಗೆ ದಾಳಿಂಬೆಯನ್ನೂ ಇವೇ ಸಾಗಿಸುವುವು. ಬಂಡಿಯನ್ನೇರುವವನಿಗೆ ಗಾಲಿಯ ನಡುಭಾಗವೇ ಮೆಟ್ಟಿಲಾಗಿದ್ದಿತು; ಪಿಕಪ್ ಗಾಡಿಯಲ್ಲಿ ಆ ಅನುಕೂಲವಿಲ್ಲ. ವೃದ್ಧರೂ, ಸೀರೆಯುಟ್ಟ ಹೆಂಗಸರೂ, ಕೆಸರುಗಾಲಿನಲ್ಲಿ ಹೊಲದಿಂದ ಬಂದವರೂ ಏರಿಳಿಯುವಾಗ ಜಾರಿ ಬೀಳುವ ಭಯವುಂಟು. ಸುಗ್ಗಿಯ ಕಾಲದಲ್ಲಿ ಮನೆಯ ದುಡಿಯುವ ಆಳೊಬ್ಬನು ಸೊಂಟ ಮುರಿದುಕೊಂಡು ಮಲಗಿದರೆ ಆಗುವ ನಷ್ಟವು ಅಷ್ಟಿಷ್ಟಲ್ಲ. ಆದುದರಿಂದಲೇ ಅನೇಕರು ಬಾಗಿಲ ಕೆಳಗೆ ‘ಸೈಡ್ ಸ್ಟೆಪ್’ ಎಂಬ ಪಕ್ಕದ ಮೆಟ್ಟಿಲನ್ನು ಜೋಡಿಸುವರು. ಆದರೆ ಅಂಗಡಿಯಲ್ಲಿ ಹೊಳಪನ್ನು ನೋಡಿ ಕೊಳ್ಳುವುದಕ್ಕಿಂತ, ತಮ್ಮ ನೆಲದ ಗುಣವನ್ನೂ ಕೆಲಸದ ರೀತಿಯನ್ನೂ ನೋಡಿ ಆರಿಸುವುದು ಯುಕ್ತವು.

1. ಆಕಾರ:— ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಗಂಗಾವತಿಯ ಕಡೆ ಕಾಲಿಗೆ ಸದಾ ಕೆಸರು. ಎರೆಭೂಮಿಯಲ್ಲಿ ಮಳೆ ಬಿದ್ದ ಮೇಲೆ ಮಣ್ಣು ಅಂಟಿನಂತೆ ಪಾದಕ್ಕೆ ಹತ್ತುವುದು. ಇಂತಹ ಕಡೆ ನುಣುಪಾದ ದುಂಡು ಕೊಳವೆಯು ನೋಡಲು ಚೆಂದ, ಕಾಲಿಡಲು ಅಪಾಯ. ರಂಧ್ರಗಳುಳ್ಳ, ರಂಧ್ರದ ಅಂಚು ಮೇಲೆದ್ದಿರುವ ಚಪ್ಪಟೆ ಮೆಟ್ಟಿಲು ಉತ್ತಮವು. ಮಣ್ಣು ಕೆಳಗೆ ಉದುರುವುದು, ಪಾದಕ್ಕೆ ಹಿಡಿತವೂ ದೊರೆಯುವುದು. ಪಾದದ ಮುಂದಿನ ಅರ್ಧವು ಪೂರ್ತಿಯಾಗಿ ಊರುವಷ್ಟಾದರೂ ಅಗಲವಿರಬೇಕು. ರಬ್ಬರಿನ ಹೊದಿಕೆಯಿದ್ದರೆ ಅದು ಸವೆದು ನುಣುಪಾದೊಡನೆ ಬದಲಾಯಿಸತಕ್ಕದ್ದು.

2. ಎತ್ತರ ಮತ್ತು ಉದ್ದ:— ನೆಲದಿಂದ ಕ್ಯಾಬಿನ್ನಿನ ತಳದವರೆಗೆ ಅಳೆದು, ಅದರ ಸುಮಾರು ಅರ್ಧದಲ್ಲಿ ಮೆಟ್ಟಿಲು ಬಂದರೆ ಏರುವುದು ಸುಲಭ. ತಳವು 28 ಅಂಗುಲ ಎತ್ತರವಿದ್ದರೆ ಮೆಟ್ಟಿಲು 14 ಅಂಗುಲದ ಸುಮಾರಿಗೆ ಇರಬೇಕೆಂದಾಯಿತು. ಆದರೆ ಹೇರು ಹೇರಿದಾಗ ಗಾಡಿಯು ಕುಗ್ಗುವುದು. ಬದುಗಳನ್ನೂ ಹಳ್ಳಗಳನ್ನೂ ದಾಟುವಾಗ ಎರಡು ಗಾಲಿಗಳ ನಡುವೆ ತಗ್ಗಾಗಿರುವ ಭಾಗವು ನೆಲಕ್ಕೆ ತಾಗುವುದು. ಆದುದರಿಂದ ತುಂಬಿದ ಗಾಡಿಯನ್ನೂ ಒಮ್ಮೆ ಅಳೆದು ನಿಶ್ಚಯಿಸುವುದು ಒಳ್ಳೆಯದು. ಕುಷ್ಟಗಿ, ಯಲಬುರ್ಗಾಗಳ ಕಲ್ಲುದಾರಿಗಳಲ್ಲಿ ತಿರುಗುವವರು ಒಂದೆರಡು ಅಂಗುಲ ಮೇಲಕ್ಕೆ ಕಟ್ಟಿಸಿದರೆ ನಷ್ಟವಿಲ್ಲ. ಒಂದೇ ಸಾಲು ಆಸನವುಳ್ಳ ಗಾಡಿಗೆ ಬಾಗಿಲಿನಷ್ಟೇ ಉದ್ದ ಸಾಕು. ಹೆಚ್ಚಿನ ಉದ್ದವು ಹಗ್ಗ ಬಿಗಿಯುವುದಕ್ಕೂ ಜ್ಯಾಕು ಇಡುವುದಕ್ಕೂ ಅಡ್ಡಿಯಾಗುವುದು.

3. ಲೋಹ:— ಸಾಧಾರಣ ಉಕ್ಕು ಅಗ್ಗವೂ ಗಟ್ಟಿಯೂ ಆಗಿರುವುದು. ಆದರೆ ಬಣ್ಣ ಕಿತ್ತಲ್ಲಿ ತುಕ್ಕು ಹಿಡಿಯುವುದು. ರಾಸಾಯನಿಕ ಗೊಬ್ಬರ, ಮುಖ್ಯವಾಗಿ ಪೊಟ್ಯಾಷ್, ಉದುರಿ ತೇವವಾದರೆ ತುಕ್ಕು ಬೇಗನೆ ಹಬ್ಬುವುದು. ಅಲ್ಯೂಮಿನಿಯಂ ಹಗುರವು, ಅದಕ್ಕೆ ತುಕ್ಕಿನ ಭಯವಿಲ್ಲದಿದ್ದರೂ ಉಕ್ಕಿಗೆ ನೇರವಾಗಿ ತಾಗಿ ಒದ್ದೆಯಾದರೆ ಸವೆಯುವುದು, ನಡುವೆ ರಬ್ಬರು ಇಡಿಸಬೇಕು. ಸ್ಟೇನ್‌ಲೆಸ್ ಸ್ಟೀಲಿನಲ್ಲಿ 304 ಎಂಬುದು 202 ಎಂಬುದಕ್ಕಿಂತ ಹೆಚ್ಚು ಬಾಳುವುದು. ಅಯಸ್ಕಾಂತ ಹಿಡಿಯಲಿಲ್ಲವೆಂದು ಅದು 304 ಎಂದೇ ನಂಬಬಾರದು. 202 ಸಹ ಸಾಮಾನ್ಯವಾಗಿ ಅಯಸ್ಕಾಂತಕ್ಕೆ ಹತ್ತದು.

4. ಭಾರ ಮತ್ತು ಜೋಡಣೆ:— ಅಂಗಡಿಯವರು ಹೇಳುವ ತೂಕವು ಒಂದು ಮೆಟ್ಟಿಲಿಗೋ, ಎರಡೂ ಸೇರಿಯೋ ಎಂದು ಕೇಳಿ ತಿಳಿಯಬೇಕು. 65 ಕಿಲೋ ತೂಕದವನು 45 ಕಿಲೋ ಯೂರಿಯಾ ಚೀಲವನ್ನು ಹೊತ್ತು ಕಾಲಿಟ್ಟರೆ 110 ಕಿಲೋ ಆಯಿತು. ರಭಸದಿಂದ ಇಟ್ಟರೆ ಇನ್ನೂ ಹೆಚ್ಚು. ಚೀಲಗಳನ್ನು ಹಿಂಬಾಗಿಲಿನಿಂದಲೇ ಏರಿಸತಕ್ಕದ್ದು. ಆದರೂ ಮೆಟ್ಟಿಲು ಈ ಭಾರಕ್ಕೆ ಬಾಗದಂತಿರಬೇಕು. ಅದನ್ನು ಚಾಸಿ ಎಂಬ ತಳದ ಚೌಕಟ್ಟಿಗೆ, ಗಾಡಿ ತಯಾರಿಸಿದವರೇ ಬಿಟ್ಟಿರುವ ರಂಧ್ರಗಳಲ್ಲಿ ಬೋಲ್ಟುಗಳಿಂದ ಬಿಗಿಸಬೇಕು. ತೆಳುವಾದ ತಗಡಿಗೆ ಕೂಡದು. ಚಾಸಿಗೆ ವೆಲ್ಡಿಂಗ್ ಮಾಡಿಸಿದರೆ ಅದರ ಬಲ ಕುಗ್ಗುವುದು. ಡೀಸೆಲ್ ಟಾಕಿಯ ಬಳಿ ಬೆಂಕಿಯ ಅಪಾಯವೂ ಉಂಟು. ಒಂದು ವಾರ ಓಡಿಸಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಸಿ, ಪ್ರತಿ ಹಂಗಾಮಿಗೆ ಮುಂಚೆ ಪರೀಕ್ಷಿಸಬೇಕು.

5. ಕಾನೂನು:— 1988ನೆಯ ಮೋಟಾರು ವಾಹನಗಳ ಅಧಿನಿಯಮದ 52ನೆಯ ಕಲಮು ಗಾಡಿಯ ಸ್ವರೂಪವನ್ನು ಮನಬಂದಂತೆ ಬದಲಿಸುವುದನ್ನು ತಡೆಯುವುದು. ಮುಂಭಾಗಕ್ಕೆ ಹಾಕುವ ಬುಲ್ ಬಾರುಗಳು ಈ ಕಲಮಿಗೆ ವಿರುದ್ಧವೆಂದು ಕೇಂದ್ರ ಸರ್ಕಾರವು 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ತಿಳಿಸಿತು. ಮೆಟ್ಟಿಲಾದರೂ ಗಾಡಿಯ ಮೈಯಿಂದ ಹೊರಚಾಚದಂತಿರಲಿ; ಸಂಶಯವಿದ್ದರೆ ಕೊಳ್ಳುವ ಮೊದಲೇ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಮೇಲು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದುಂಟು. ನಾಟಿ, ಕೊಯ್ಲುಗಳ ದಿನಗಳಲ್ಲಿ ಆಳುಗಳು ಒಳಗೆ ಸ್ಥಳ ಸಾಲದೆ ಮೆಟ್ಟಿಲ ಮೇಲೆ ನಿಂತು, ಬಾಗಿಲು ಹಿಡಿದು ಸಾಗುವುದುಂಟು. ತಗ್ಗೊಂದಕ್ಕೆ ಗಾಲಿ ಇಳಿದರೆ ಕೈ ಜಾರುವುದು. ಬಿದ್ದವನು ಹಿಂದಿನ ಗಾಲಿಯ ಕೆಳಗೇ ಬೀಳುವನು. ಅದೇ ಅಧಿನಿಯಮದ 123ನೆಯ ಕಲಮು ಹೀಗೆ ನಿಂತು ಹೋಗುವವನನ್ನೂ, ಹೋಗಗೊಡುವ ಚಾಲಕನನ್ನೂ ತಪ್ಪಿತಸ್ಥರೆಂದು ಎಣಿಸುವುದು. ಗಟ್ಟಿಯಾದ ಮೆಟ್ಟಿಲು ಈ ದುರಭ್ಯಾಸಕ್ಕೆ ಧೈರ್ಯ ಕೊಡದಂತೆ ಗಾಡಿಯ ಯಜಮಾನರು ಎಚ್ಚರ ವಹಿಸಬೇಕು. ಮೆಟ್ಟಿಲಿರುವುದು ನಿಂತ ಗಾಡಿಯನ್ನು ಏರಲು ಮತ್ತು ಇಳಿಯಲು ಮಾತ್ರವೇ. ಇಳಿಯುವಾಗ ಮುಖವನ್ನು ಗಾಡಿಯ ಕಡೆಗೆ ತಿರುಗಿಸಿ, ಹಿಡಿಯನ್ನು ಬಿಡದೆ, ಒಂದೊಂದೇ ಕಾಲನ್ನಿಡತಕ್ಕದ್ದು. ಏರುವ ಮುನ್ನ ಪಾದದ ಕೆಸರನ್ನು ಒರೆಸಿಕೊಳ್ಳುವುದಕ್ಕೆ ಕಾಸಿನ ಖರ್ಚೂ ಇಲ್ಲ.